ಮಂಗಳೂರು ಕರಾವಳಿಯ ಮುಳುಗಿದ ಹಡಗುಗಳ ಶೋಧ

ಮಂಗಳೂರು ಕರಾವಳಿಯ ಮುಳುಗಿದ ಹಡಗುಗಳ ಶೋಧ ಎಂಬುದು ಮಂಗಳೂರಿನಿಂದ ಹೊರಟ, ಮಂಗಳೂರಿನ ಸರಕನ್ನು ಹೊತ್ತ ಅಥವಾ ಈ ಕರಾವಳಿಯ ಸಮೀಪ ಮುಳುಗಿದ ನೌಕೆಗಳನ್ನು ಪತ್ತೆಹಚ್ಚುವ, ಗುರುತಿಸುವ ಹಾಗೂ ಅಧ್ಯಯನ ಮಾಡುವ ಕಾರ್ಯವಾಗಿದೆ. ಇದರಲ್ಲಿ ಮೂರು ಬಗೆಯ ಕೆಲಸಗಳು ಸೇರಿವೆ. ಮೊದಲನೆಯದು ಪುರಾತತ್ತ್ವ ಶೋಧ. ಇದು ನೂರಾರು ವರ್ಷ ಹಿಂದಿನ ಹಡಗುಗಳಿಗೆ ಸಂಬಂಧಿಸಿದ್ದು. ಎರಡನೆಯದು ಇತ್ತೀಚೆಗೆ ಮುಳುಗಿದ ಸರಕು ಹಡಗುಗಳಿಂದ ಇಂಧನವನ್ನೂ ಸರಕನ್ನೂ ಹೊರತೆಗೆಯುವ ಕಾರ್ಯ. ಮೂರನೆಯದು ಕಾಣೆಯಾದ ಮೀನುಗಾರಿಕೆ ದೋಣಿಗಳ ಹುಡುಕಾಟ. ಉದ್ದೇಶಗಳು ಬೇರೆಯಾದರೂ ಬಳಸುವ ಉಪಕರಣಗಳೂ ಎದುರಾಗುವ ತೊಡಕುಗಳೂ ಬಹುತೇಕ ಒಂದೇ ಆಗಿವೆ.

12ನೇ ಶತಮಾನದಲ್ಲಿ ಮಂಗಳೂರಿನ ವರ್ತಕನೊಬ್ಬನ ಕಬ್ಬಿಣವನ್ನು ಮುಳುಗುಗಾರರು ಸಮುದ್ರದಿಂದ ಎತ್ತಿದ ಪ್ರಸಂಗ, ಗೋವಾದ ಸೇಂಟ್ ಜಾರ್ಜ್ ರೀಫ್‌ನಲ್ಲಿ ಸಿಕ್ಕ ಬಾಸೆಲ್ ಮಿಷನ್ ಕಂಪನಿಯ ಸುಟ್ಟಮಣ್ಣಿನ ಸರಕು, 2018ರಲ್ಲಿ ಕಾಣೆಯಾಗಿ 2019ರಲ್ಲಿ ಪತ್ತೆಯಾದ 'ಸುವರ್ಣ ತ್ರಿಭುಜ' ದೋಣಿ – ಇವು ಈ ವಿಷಯದಲ್ಲಿ ಮುಖ್ಯವಾದ ಉದಾಹರಣೆಗಳು.

ಹಿನ್ನೆಲೆ

ಮಂಗಳೂರು ನಗರವು ನೇತ್ರಾವತಿ ಹಾಗೂ ಗುರುಪುರ (ಫಲ್ಗುಣಿ) ನದಿಗಳು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಳಿ ಬೆಳೆದಿದೆ. 6ನೇ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಇಂಡಿಕೊಪ್ಲೂಸ್ಟಸ್ ಕಾಳುಮೆಣಸನ್ನು ರಫ್ತು ಮಾಡುವ ಬಂದರುಗಳಲ್ಲಿ 'ಮಂಗರೂತ್' ಎಂಬ ಹೆಸರನ್ನು ಸೇರಿಸಿದ್ದಾನೆ. 14ನೇ ಶತಮಾನದಲ್ಲಿ ಈ ತೀರಕ್ಕೆ ಬಂದ ಇಬ್ನ್ ಬತೂತ, 'ಮಂಜರೂರ್' ಪಟ್ಟಣಕ್ಕೆ ಪರ್ಷಿಯಾ ಮತ್ತು ಯೆಮೆನ್ ದೇಶಗಳ ವರ್ತಕರು ಬರುತ್ತಿದ್ದರೆಂದು ದಾಖಲಿಸಿದ್ದಾನೆ.

ಹಳೆಯ ಬಂದರು (ಬಂದರ್ ಪ್ರದೇಶ) ನದಿಯ ದಡದಲ್ಲಿದ್ದುದರಿಂದ ಪ್ರತಿಯೊಂದು ನೌಕೆಯೂ ಅಳಿವೆ ಬಾಗಿಲಿನ ಮರಳ ದಿಬ್ಬಗಳನ್ನು ದಾಟಿಯೇ ಒಳಬರಬೇಕಾಗಿತ್ತು. ದೊಡ್ಡ ಹಡಗುಗಳು ಹೊರಸಮುದ್ರದಲ್ಲಿಯೇ ಲಂಗರು ಹಾಕುತ್ತಿದ್ದವು. ಸಣ್ಣ ದೋಣಿಗಳು ಸರಕನ್ನು ಸಾಗಿಸುತ್ತಿದ್ದವು. ಪಣಂಬೂರಿನಲ್ಲಿ ನಿರ್ಮಿಸಲಾದ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ 9ನೇ ಪ್ರಮುಖ ಬಂದರೆಂದು ಘೋಷಿತವಾಯಿತು ಮತ್ತು 1975ರ ಜನವರಿ 11ರಂದು ಉದ್ಘಾಟನೆಗೊಂಡಿತು. ಅನಂತರ ದೊಡ್ಡ ಹಡಗುಗಳು ನೇರವಾಗಿ ಬಂದರಿನ ಒಳಗೆ ಬರುವಂತಾಯಿತು. ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮಂಜಿಗಳು ಹಾಗೂ ಮೀನುಗಾರಿಕೆ ದೋಣಿಗಳು ಹಳೆಯ ಬಂದರನ್ನೇ ಬಳಸುತ್ತಾ ಬಂದಿವೆ.

ಈ ತೀರದಲ್ಲಿ ನೌಕೆಗಳು ಮುಳುಗಲು ಮುಖ್ಯ ಕಾರಣಗಳೆಂದರೆ ನೈಋತ್ಯ ಮುಂಗಾರಿನ ಕಾಲದ ಎತ್ತರದ ಅಲೆಗಳು, ಅಳಿವೆಯಲ್ಲಿ ಸ್ಥಾನ ಬದಲಿಸುತ್ತಿರುವ ಮರಳ ದಿಬ್ಬಗಳು, ನೀರಿನಡಿಯ ಬಂಡೆಗಳು, ಸರಕು ಅಲುಗಾಡಿ ಹಡಗು ವಾಲುವುದು ಹಾಗೂ ನೌಕೆಗಳ ನಡುವಣ ಡಿಕ್ಕಿ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಮೀನುಗಳ ಸಂತಾನವೃದ್ಧಿಯೇ ಇದರ ಮುಖ್ಯ ಉದ್ದೇಶವಾದರೂ, ಸಮುದ್ರ ಅತ್ಯಂತ ಅಪಾಯಕಾರಿಯಾಗಿರುವ ಅವಧಿಯೂ ಇದೇ ಆಗಿದೆ.

ಅತ್ಯಂತ ಹಳೆಯ ಲಿಖಿತ ದಾಖಲೆ

ಮಂಗಳೂರಿಗೆ ಸಂಬಂಧಿಸಿದ ಮುಳುಗಿದ ಸರಕಿನ ಶೋಧದ ಕುರಿತು ದೊರೆಯುವ ಹಳೆಯ ಮಾಹಿತಿಯು ಈಜಿಪ್ಟಿನ ಕೈರೋ ಗೆನೀಜಾ ದಾಖಲೆಗಳಲ್ಲಿದೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಶೇಖರವಾಗಿದ್ದ ಈ ಕಾಗದಗಳ ದೊಡ್ಡ ಭಾಗವು ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಪತ್ರವ್ಯವಹಾರವೂ ಸೇರಿದೆ. ಇಂದಿನ ಟ್ಯುನೀಶಿಯಾದ ಮಹ್ದಿಯಾ ಮೂಲದ ಬೆನ್ ಯಿಜು 1132ರಿಂದ 1149ರವರೆಗಿನ ಅವಧಿಯ ಬಹುಭಾಗವನ್ನು ಮಂಗಳೂರು ಹಾಗೂ ಮಲಬಾರ್ ತೀರದಲ್ಲಿ ಕಳೆದನು. ಕಂಚಿನ ಪಾತ್ರೆಗಳ ಕಾರ್ಯಾಗಾರವನ್ನು ನಡೆಸುತ್ತಿದ್ದ ಅವನು ಕಾಳುಮೆಣಸು, ಏಲಕ್ಕಿ, ಅಡಿಕೆ ಮತ್ತು ಕಬ್ಬಿಣವನ್ನು ಏಡನ್‌ಗೆ ಕಳುಹಿಸುತ್ತಿದ್ದನು.

ಏಡನ್‌ನಲ್ಲಿದ್ದ ಅವನ ವ್ಯಾಪಾರ ಸಹವರ್ತಿ ಖಲಫ್ ಇಬ್ನ್ ಇಸಾಕ್ ಬರೆದ ಪತ್ರವೊಂದು ಹಡಗಿನ ದುರಂತವನ್ನು ತಿಳಿಸುತ್ತದೆ. ಬೆನ್ ಯಿಜುವಿನ ಸರಕನ್ನು ಹೊತ್ತಿದ್ದ ನೌಕೆಯೊಂದು ಗಾಳಿಯ ಹೊಡೆತಕ್ಕೆ ಸಿಕ್ಕಿ ಬಾಬ್ ಎಲ್-ಮಂದೆಬ್ ಜಲಸಂಧಿಯಲ್ಲಿ ಮುಳುಗಿತು. ಕಾಳುಮೆಣಸು ಪೂರ್ತಿಯಾಗಿ ನಷ್ಟವಾಯಿತು. ಆದರೆ ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಹುಡುಕಿಸಿದಾಗ ಕಬ್ಬಿಣದ ಸುಮಾರು ಅರ್ಧಭಾಗವು ಮೇಲಕ್ಕೆ ಬಂದಿತು. ಎಸ್. ಡಿ. ಗೊಯಿಟೀನ್ ಈ ಪತ್ರಗಳನ್ನು ಓದಿ ಅನುವಾದಿಸಿದರು. ಅಮಿತಾವ್ ಘೋಷ್ ಅವರ 1992ರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಕೃತಿಯ ಮೂಲಕ ಬೆನ್ ಯಿಜುವಿನ ಮಂಗಳೂರು ವಾಸ ಸಾಮಾನ್ಯ ಓದುಗರಿಗೆ ಪರಿಚಿತವಾಯಿತು.

ಮುಳುಗಿದ ಹಡಗಿನಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಈ ಪತ್ರವೇ ತೋರಿಸಿಕೊಡುತ್ತದೆ. ಕಾಳುಮೆಣಸು, ಅಕ್ಕಿ, ಬಟ್ಟೆ, ಅಡಿಕೆಯಂತಹ ಸರಕುಗಳು ನೀರಿನಲ್ಲಿ ಬೇಗನೆ ನಾಶವಾಗುತ್ತವೆ. ಲೋಹ, ಕಲ್ಲು, ಪಿಂಗಾಣಿ ಮತ್ತು ಸುಟ್ಟಮಣ್ಣಿನ ವಸ್ತುಗಳು ಬಹುಕಾಲ ಉಳಿಯುತ್ತವೆ. ಹೀಗಾಗಿ ಕರಾವಳಿಯ ಮುಖ್ಯ ರಫ್ತು ಸಾಂಬಾರ ಪದಾರ್ಥಗಳೇ ಆಗಿದ್ದರೂ ಸಮುದ್ರತಳದ ಶೋಧದಲ್ಲಿ ಅವುಗಳ ಕುರುಹು ಸಿಗುವುದು ಅಪರೂಪ.

ಸೇಂಟ್ ಜಾರ್ಜ್ ರೀಫ್ ಮತ್ತು ಮಂಗಳೂರು ಹೆಂಚು

ಬಾಸೆಲ್ ಮಿಷನ್ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಅವರ ಪ್ರಯತ್ನದಿಂದ 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನದೀತೀರದ ಜೇಡಿಮಣ್ಣಿನಿಂದ ತಯಾರಾದ ಕೆಂಪು ಹೆಂಚುಗಳು 'ಮಂಗಳೂರು ಹೆಂಚು' ಎಂಬ ಹೆಸರಿನಿಂದ ಪ್ರಸಿದ್ಧವಾದವು ಮತ್ತು ಸಮುದ್ರಮಾರ್ಗವಾಗಿ ದೇಶವಿದೇಶಗಳಿಗೆ ರಫ್ತಾದವು. ಮೇಲ್ಚಾವಣಿಯ ಹೆಂಚುಗಳಲ್ಲದೆ ನೆಲಹಾಸಿನ ಹೆಂಚು, ಕೊಳವೆ, ಅಲಂಕಾರಿಕ ವಸ್ತುಗಳೂ ಮಿಷನ್ನಿನ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದವು.

ಗೋವಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಕಡಲ ಪುರಾತತ್ತ್ವಜ್ಞರು ಗೋವಾ ತೀರದ ಸೇಂಟ್ ಜಾರ್ಜ್ ರೀಫ್ ಎಂಬ ನೀರಿನಡಿಯ ಬಂಡೆಸಾಲಿನಲ್ಲಿ ಮುಳುಗುಶೋಧ ನಡೆಸಿದಾಗ ಸುಟ್ಟಮಣ್ಣಿನ ಕಟ್ಟಡ ಸಾಮಗ್ರಿಗಳು ದೊರೆತವು. ಕಂಬಗಳ ಬೋದಿಗೆಗಳು, ಕಂಬದ ತುಂಡುಗಳು, ನೀರಿನ ಕೊಳವೆಗಳು, ಮೂಲೆಹೆಂಚುಗಳು ಹಾಗೂ ನೆಲಹಾಸಿನ ಹೆಂಚುಗಳು ಅವುಗಳಲ್ಲಿ ಸೇರಿದ್ದವು. ಇವು ಬಾಸೆಲ್ ಮಿಷನ್ ಕಂಪನಿಯ ತಯಾರಿಕೆಗಳೆಂದು ಸಂಶೋಧಕರು ಗುರುತಿಸಿದರು. ಸಿಲಾ ತ್ರಿಪಾಠಿ ಮತ್ತು ಅವರ ಸಹೋದ್ಯೋಗಿಗಳು ಈ ಶೋಧದ ಕುರಿತು ಲೇಖನಗಳನ್ನು ಪ್ರಕಟಿಸಿದ್ದಾರೆ.

ಈ ಶೋಧದಲ್ಲಿ ಹಡಗನ್ನು ಗುರುತಿಸಲು ದಾರಿ ತೋರಿದ್ದು ಹಡಗಿನ ಮರವಲ್ಲ, ಅದರಲ್ಲಿದ್ದ ಸರಕು. ಸರಕು ಯಾವ ಕಾರ್ಖಾನೆಯದೆಂದು ತಿಳಿದರೆ ಹಡಗು ಸಾಗಿಬಂದ ದಾರಿಯನ್ನೂ ಅದರ ಕಾಲದ ಹಿಂದಿನ ಮಿತಿಯನ್ನೂ ಊಹಿಸಬಹುದು: 1865ರಲ್ಲಿ ಆರಂಭವಾದ ಉದ್ಯಮದ ಸರಕನ್ನು ಹೊತ್ತ ಹಡಗು ಅದಕ್ಕಿಂತ ಮೊದಲು ಮುಳುಗಿರಲು ಸಾಧ್ಯವಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಮಂಗಳೂರು ಹೆಂಚುಗಳ ಮೇಲೆ ಕಾಣುವ '1865' ಎಂಬ ಅಂಕಿಯು ಉದ್ಯಮದ ಸ್ಥಾಪನೆಯ ವರ್ಷವೇ ಹೊರತು ಆಯಾ ಹೆಂಚು ತಯಾರಾದ ವರ್ಷವಲ್ಲ. ಆದುದರಿಂದ ಅಂತಹ ಮುದ್ರೆಯಿಂದ ಕಾಲದ ಮೇಲ್ಮಿತಿಯನ್ನು ನಿರ್ಣಯಿಸಲಾಗದು.

ಗೋವಾ ತೀರದಲ್ಲಿಯೇ ಸುಂಚಿ ರೀಫ್‌ನಲ್ಲಿ 17ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಕ್ಕೆ ಸಂಬಂಧಿಸಿದ ಹಡಗಿನ ಅವಶೇಷಗಳೂ ಅಮೀ ಶೋಲ್ಸ್‌ನಲ್ಲಿ ಉಗಿಹಡಗಿನ ಅವಶೇಷಗಳೂ ದೊರೆತಿವೆ. ಸುಂಚಿ ರೀಫ್‌ನಲ್ಲಿ ಫಿರಂಗಿ, ಆನೆದಂತ, ನೀರಾನೆಯ ಹಲ್ಲು ಮತ್ತು ಚೀನೀ ಪಿಂಗಾಣಿಯ ತುಣುಕುಗಳು ಸಿಕ್ಕಿವೆ.

ಭಾರತದಲ್ಲಿ ಕಡಲ ಪುರಾತತ್ತ್ವಶಾಸ್ತ್ರವನ್ನು ವ್ಯವಸ್ಥಿತವಾಗಿ ಬೆಳೆಸಿದವರು ಕರ್ನಾಟಕದವರೇ ಆದ ಶಿಕಾರಿಪುರ ರಂಗನಾಥ ರಾವ್ (ಎಸ್. ಆರ್. ರಾವ್, 1922–2013). ಲೋಥಲ್‌ನ ಹರಪ್ಪ ಕಾಲದ ನೆಲೆಯನ್ನು ಉತ್ಖನನ ಮಾಡಿದ ಅವರು 1980ರ ದಶಕದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೂಲಕ ದ್ವಾರಕೆಯ ಸಮುದ್ರದಲ್ಲಿ ಶೋಧ ನಡೆಸಿದರು. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯು 2001ರಲ್ಲಿ ತನ್ನದೇ ಆದ ಜಲಾಂತರ ಪುರಾತತ್ತ್ವ ವಿಭಾಗವನ್ನು ಆರಂಭಿಸಿ, ಲಕ್ಷದ್ವೀಪದ ಬಂಗಾರಂ ದ್ವೀಪದ ಬಳಿ ಮುಳುಗಿದ ಹಡಗೊಂದನ್ನು ಪರಿಶೋಧಿಸಿತು.

ಶೋಧದ ವಿಧಾನ

ದಾಖಲೆಗಳ ಅಧ್ಯಯನ: ಯಾವುದೇ ಶೋಧವು ಸಮುದ್ರಕ್ಕಿಂತ ಮೊದಲು ಕಾಗದದ ಮೇಲೆ ಆರಂಭವಾಗುತ್ತದೆ. ಬಂದರಿನ ಕಡತಗಳು, ವಿಮೆಯ ದಾಖಲೆಗಳು, ಹಳೆಯ ನಕ್ಷೆಗಳು, ಪತ್ರಿಕಾ ವರದಿಗಳು ಹಾಗೂ ಬದುಕುಳಿದವರ ಹೇಳಿಕೆಗಳಿಂದ ಹಡಗು ಕೊನೆಯದಾಗಿ ಕಂಡ ಸ್ಥಳವನ್ನು ನಿರ್ಣಯಿಸಲಾಗುತ್ತದೆ. ಸ್ಥಳೀಯ ಮೀನುಗಾರರ ತಿಳಿವಳಿಕೆಯೂ ಇದರಷ್ಟೇ ಮುಖ್ಯ. ಟ್ರಾಲ್ ಬಲೆಗಳು ಪದೇ ಪದೇ ಸಿಕ್ಕಿಹಾಕಿಕೊಂಡು ಹರಿಯುವ ಜಾಗಗಳನ್ನು ತಾಂಡೇಲರು ಜಿಪಿಎಸ್ ಉಪಕರಣದಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಅಂತಹ ಜಾಗದಲ್ಲಿ ಬಂಡೆಯಿರಬಹುದು, ಮುಳುಗಿದ ನೌಕೆಯೂ ಇರಬಹುದು.

ಶೋಧಕ್ಷೇತ್ರದ ನಿರ್ಣಯ: ಕೊನೆಯ ಸಂಪರ್ಕದ ಬಳಿಕ ನೌಕೆಯು ಎಷ್ಟು ದೂರ ಸಾಗಿರಬಹುದು ಎಂಬುದರ ಮೇಲೆ ಶೋಧಕ್ಷೇತ್ರದ ವಿಸ್ತಾರ ನಿಂತಿದೆ. ಅರ್ಧ ನಾಟ್ ವೇಗದ ಪ್ರವಾಹದಲ್ಲಿ ತೇಲುವ ವಸ್ತು ಒಂದು ದಿನದಲ್ಲಿ ಸುಮಾರು 22 ಕಿಲೋಮೀಟರ್ ಸಾಗುತ್ತದೆ. ದಿಕ್ಕು ತಿಳಿಯದಿದ್ದರೆ ಹುಡುಕಬೇಕಾದ ವೃತ್ತದ ವಿಸ್ತೀರ್ಣ 1,500 ಚದರ ಕಿಲೋಮೀಟರ್‌ಗೂ ಹೆಚ್ಚು. ಎರಡು ದಿನ ಕಳೆದರೆ ಅದು ನಾಲ್ಕು ಪಟ್ಟಾಗುತ್ತದೆ. ಕಾಣೆಯಾದ ಸುದ್ದಿ ತಡವಾಗಿ ತಿಳಿದಷ್ಟೂ ಶೋಧ ಕಠಿಣವಾಗುವುದು ಈ ಕಾರಣದಿಂದ.

ಸೋನಾರ್ ಸಮೀಕ್ಷೆ: ಬೆಳಕು ನೀರಿನಲ್ಲಿ ಹೆಚ್ಚು ದೂರ ಸಾಗದು, ಆದರೆ ಶಬ್ದವು ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಚಲಿಸುತ್ತದೆ. ಸೈಡ್ ಸ್ಕ್ಯಾನ್ ಸೋನಾರ್ ಎಂಬ ಉಪಕರಣವನ್ನು ಕೇಬಲ್ಲಿನ ಮೂಲಕ ಹಡಗಿನ ಹಿಂದೆ ಎಳೆಯಲಾಗುತ್ತದೆ. ಅದು ಎರಡೂ ಪಕ್ಕಗಳಿಗೆ ಶಬ್ದತರಂಗಗಳನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಸಮುದ್ರತಳದ ಚಿತ್ರವನ್ನು ರೂಪಿಸುತ್ತದೆ. ತಳದಿಂದ ಮೇಲೆದ್ದು ನಿಂತ ವಸ್ತುವಿನ ಹಿಂಬದಿಗೆ ತರಂಗಗಳು ತಲುಪದ ಕಾರಣ ಅಲ್ಲಿ 'ನೆರಳು' ಮೂಡುತ್ತದೆ. ಅನುಭವಿ ವೀಕ್ಷಕರು ಈ ನೆರಳಿನ ಆಕಾರದಿಂದಲೇ ಬಂಡೆ ಯಾವುದು, ಹಡಗು ಯಾವುದು ಎಂದು ಬೇರ್ಪಡಿಸುತ್ತಾರೆ. ಮಲ್ಟಿಬೀಮ್ ಸೋನಾರ್ ಸಮುದ್ರತಳದ ಆಳವನ್ನು ಅಳೆದು ಮೂರು ಆಯಾಮದ ನಕ್ಷೆಯನ್ನು ನೀಡುತ್ತದೆ.

ಈ ಕೆಲಸಕ್ಕೆ ಹಿಡಿಯುವ ಸಮಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಕ್ಷೇತ್ರವನ್ನು 300 ಮೀಟರ್ ಅಂತರದ ಸಮಾನಾಂತರ ಗೆರೆಗಳಲ್ಲಿ ಹುಡುಕುವುದಾದರೆ ಸುಮಾರು 67 ಗೆರೆಗಳು, ಅಂದರೆ ಒಟ್ಟು 1,340 ಕಿಲೋಮೀಟರ್ ಸಾಗಬೇಕು. ಉಪಕರಣವನ್ನು ಎಳೆಯುವ ಹಡಗು 4 ನಾಟ್ ವೇಗದಲ್ಲಿ ಚಲಿಸಿದರೆ ಹಗಲಿರುಳು ನಿಲ್ಲದೆ ದುಡಿದರೂ ಏಳು ದಿನಗಳಿಗಿಂತ ಹೆಚ್ಚು ಬೇಕಾಗುತ್ತದೆ.

ಕಾಂತಮಾಪಕ: ಕಬ್ಬಿಣವು ಭೂಮಿಯ ಕಾಂತಕ್ಷೇತ್ರದಲ್ಲಿ ಸಣ್ಣ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಕಾಂತಮಾಪಕವು ಅದನ್ನು ಗುರುತಿಸುವುದರಿಂದ ಕೆಸರಿನಡಿ ಹೂತುಹೋದ ಫಿರಂಗಿ, ಲಂಗರು, ಎಂಜಿನ್‌ಗಳನ್ನೂ ಪತ್ತೆಹಚ್ಚಬಹುದು. ಹೆಂಚಿನಂತಹ ಸುಟ್ಟಮಣ್ಣಿನ ರಾಶಿಯೂ ಅದರಲ್ಲಿನ ಕಬ್ಬಿಣದ ಅಂಶದಿಂದಾಗಿ ದುರ್ಬಲ ಸಂಕೇತವನ್ನು ನೀಡಬಲ್ಲದು. ಕಬ್ಬಿಣದ ಭಾಗಗಳಿಲ್ಲದ ಮರದ ದೋಣಿಯನ್ನು ಈ ವಿಧಾನದಿಂದ ಕಂಡುಹಿಡಿಯುವುದು ಕಷ್ಟ.

ಪ್ರತ್ಯಕ್ಷ ಪರಿಶೀಲನೆ: ಸೋನಾರ್ ಚಿತ್ರ ಕೇವಲ ಸಂಭವವನ್ನು ಸೂಚಿಸುತ್ತದೆ, ಮುಳುಗುಗಾರರು ಅಥವಾ ದೂರನಿಯಂತ್ರಿತ ಕ್ಯಾಮೆರಾ ವಾಹನಗಳು ಅದನ್ನು ದೃಢಪಡಿಸಬೇಕಾಗುತ್ತದೆ. 60 ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡವು ಮೇಲ್ಮೈಗಿಂತ ಏಳು ಪಟ್ಟು ಇರುತ್ತದೆ. ಸಾಮಾನ್ಯ ಗಾಳಿಯನ್ನು ಉಸಿರಾಡಿಕೊಂಡು ಅಷ್ಟು ಆಳದಲ್ಲಿ ಕೆಲಸ ಮಾಡಿದರೆ ಸಾರಜನಕದ ಪ್ರಭಾವದಿಂದ ಮತ್ತು ಬರಿಸಿದಂತಾಗುತ್ತದೆ. ಅವಸರದಿಂದ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಗಳು ಉಂಟಾಗಿ ಪ್ರಾಣಾಪಾಯವಾಗುತ್ತದೆ. ಆದುದರಿಂದ ಅಂತಹ ಆಳದ ಕಾರ್ಯಕ್ಕೆ ವಿಶೇಷ ಅನಿಲ ಮಿಶ್ರಣ, ಒತ್ತಡ ಕೊಠಡಿ ಹಾಗೂ ಮುಳುಗುಕಾರ್ಯಕ್ಕೆಂದೇ ಸಜ್ಜಾದ ಹಡಗುಗಳನ್ನು ಬಳಸಲಾಗುತ್ತದೆ.

ಸರೋವರ ಮತ್ತು ಸಮುದ್ರದ ವ್ಯತ್ಯಾಸ

ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಮುಳುಗಿದ ಹಳೆಯ ಹಡಗುಗಳು ಬಹುಮಟ್ಟಿಗೆ ಸುಸ್ಥಿತಿಯಲ್ಲಿ ದೊರೆಯುತ್ತವೆ. ಅಲ್ಲಿನ ಸಿಹಿನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಹಡಗುಹುಳುಗಳು (ಟೆರೆಡೊ ಎಂಬ ಮೃದ್ವಂಗಿಗಳು) ಬದುಕುವುದಿಲ್ಲ. ಆಳದ ನೀರಿನ ಶೈತ್ಯವು ಕೊಳೆಯುವಿಕೆಯನ್ನು ನಿಧಾನಗೊಳಿಸುತ್ತದೆ. 1975ರ ನವೆಂಬರ್ 10ರಂದು ಸುಪೀರಿಯರ್ ಸರೋವರದಲ್ಲಿ 29 ಜನರೊಂದಿಗೆ ಮುಳುಗಿದ 'ಎಡ್ಮಂಡ್ ಫಿಟ್ಜ್‌ಜೆರಾಲ್ಡ್' ಎಂಬ ಉಕ್ಕಿನ ಹಡಗಿನ ನೆಲೆಯನ್ನು ಕಾಂತಮಾಪಕವಿದ್ದ ವಿಮಾನದ ನೆರವಿನಿಂದ ಕೆಲವೇ ದಿನಗಳಲ್ಲಿ ಗುರುತಿಸಲಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಫ್ರೆಂಚ್ ಅನ್ವೇಷಕ ಲಾ ಸಾಲ್ 1679ರಲ್ಲಿ ಕಟ್ಟಿಸಿದ 'ಲ ಗ್ರಿಫಾನ್' ಹಡಗು ಅದೇ ವರ್ಷ ಕಾಣೆಯಾಯಿತು. ಅದು ಪತ್ತೆಯಾಯಿತೆಂಬ ಹಲವು ಘೋಷಣೆಗಳು ಬಂದಿದ್ದರೂ ಯಾವುದೂ ಸರ್ವಸಮ್ಮತವಾಗಿ ದೃಢಪಟ್ಟಿಲ್ಲ.

ಅರಬ್ಬೀ ಸಮುದ್ರದ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಹಡಗುಹುಳುಗಳು ತೆರೆದುಬಿದ್ದ ಮರವನ್ನು ಕೆಲವೇ ವರ್ಷಗಳಲ್ಲಿ ಜಾಳುಜಾಳಾಗಿಸುತ್ತವೆ. ನದಿಗಳು ಮಳೆಗಾಲದಲ್ಲಿ ತರುವ ಹೂಳು ತೀರದ ಸಮೀಪದ ತಳವನ್ನು ಮುಚ್ಚುತ್ತದೆ ಮತ್ತು ನೀರನ್ನು ಕದಡಿ ಮುಳುಗುಗಾರರಿಗೆ ಕೈಯಳತೆಯ ವಸ್ತುವೂ ಕಾಣದಂತೆ ಮಾಡುತ್ತದೆ. ಟ್ರಾಲ್ ಬಲೆಗಳು ಅವಶೇಷಗಳನ್ನು ಎಳೆದು ಚದುರಿಸುತ್ತವೆ. ಆದರೆ ಕೆಸರಿನಡಿ ಪೂರ್ತಿಯಾಗಿ ಹೂತ ಮರಕ್ಕೆ ಆಮ್ಲಜನಕ ತಲುಪದ ಕಾರಣ ಅದು ಉಳಿದುಕೊಳ್ಳುವ ಸಾಧ್ಯತೆಯಿದೆ.

ಸುವರ್ಣ ತ್ರಿಭುಜ ದೋಣಿಯ ಶೋಧ

'ಸುವರ್ಣ ತ್ರಿಭುಜ' ಎಂಬ ಆಳಸಮುದ್ರ ಮೀನುಗಾರಿಕೆ ದೋಣಿಯು 2018ರ ಡಿಸೆಂಬರ್ 13ರಂದು ರಾತ್ರಿ ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಹೊರಟಿತು. ಅದರಲ್ಲಿ ಏಳು ಮಂದಿ ಮೀನುಗಾರರಿದ್ದರು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡ ಜಿಲ್ಲೆಯವರು. ಡಿಸೆಂಬರ್ 15ರ ನಸುಕಿನ ಬಳಿಕ ದೋಣಿಯ ಸಂಪರ್ಕ ಕಡಿದುಹೋಯಿತು. ಆಳಸಮುದ್ರಕ್ಕೆ ಹೋದ ದೋಣಿಗಳು ವಾರಕ್ಕೂ ಹೆಚ್ಚು ಕಾಲ ಹೊರಗಿರುವುದು ಸಾಮಾನ್ಯವಾದುದರಿಂದ ದೋಣಿ ಕಾಣೆಯಾಗಿದೆ ಎಂಬುದು ಖಚಿತವಾಗಲು ದಿನಗಳೇ ಹಿಡಿದವು.

ಕರ್ನಾಟಕ, ಗೋವಾ ಮತ್ತು ಮಹಾರಾಷ್ಟ್ರದ ಸಮುದ್ರದಲ್ಲಿ ಕೋಸ್ಟ್ ಗಾರ್ಡ್, ನೌಕಾಪಡೆ, ಕರಾವಳಿ ಕಾವಲು ಪೊಲೀಸರು ಹಾಗೂ ಮೀನುಗಾರರ ದೋಣಿಗಳು ಹುಡುಕಾಟ ನಡೆಸಿದವು. ಶೋಧವನ್ನು ಚುರುಕುಗೊಳಿಸಬೇಕೆಂದು ಆಗ್ರಹಿಸಿ 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆ ಮತ್ತು ಉಡುಪಿಯಲ್ಲಿ ಪ್ರತಿಭಟನೆ ನಡೆಸಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ತಡೆದರು. ದೋಣಿ ಅಪಹರಣಕ್ಕೆ ಒಳಗಾಗಿರಬಹುದು, ಬೇರೊಂದು ನೌಕೆಯೊಂದಿಗೆ ಡಿಕ್ಕಿಯಾಗಿರಬಹುದು ಎಂಬ ಊಹೆಗಳು ಹಬ್ಬಿದವು.

ನೌಕಾಪಡೆಯ ಮುಳುಗುಕಾರ್ಯ ನೆರವು ಹಡಗು ಐಎನ್‌ಎಸ್ ನಿರೀಕ್ಷಕ್ 2019ರ ಮೇ 1ರಂದು ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ದೋಣಿಯ ಅವಶೇಷಗಳನ್ನು ಪತ್ತೆಹಚ್ಚಿತು. ಅಂದಿನ ಉಡುಪಿ ಶಾಸಕ ಕೆ. ರಘುಪತಿ ಭಟ್ ಹಾಗೂ ಮಲ್ಪೆಯ ಮೀನುಗಾರರು ಈ ಶೋಧದಲ್ಲಿ ಜೊತೆಗಿದ್ದರು. ದೋಣಿಯನ್ನು ದಿನವೂ ಕಂಡವರು ಹಡಗಿನಲ್ಲಿದ್ದುದು ಅದನ್ನು ಗುರುತಿಸಲು ನೆರವಾಯಿತು. ಸಂಪರ್ಕ ಕಡಿದ ದಿನದಿಂದ ಪತ್ತೆಯಾದ ದಿನಕ್ಕೆ 137 ದಿನಗಳು ಕಳೆದಿದ್ದವು. ಮುಂಗಾರು ಆರಂಭವಾಗಲು ಒಂದು ತಿಂಗಳಷ್ಟೇ ಉಳಿದಿತ್ತು. ಅನಂತರ ಅಂತಹ ಶೋಧ ತಿಂಗಳುಗಟ್ಟಲೆ ಸಾಧ್ಯವಿರಲಿಲ್ಲ.

ದೋಣಿಯು ನೌಕಾಪಡೆಯ ನೌಕೆಯೊಂದಿಗೆ ಡಿಕ್ಕಿಯಾಗಿ ಮುಳುಗಿರಬಹುದೆಂದು ಮೀನುಗಾರರ ಸಂಘಟನೆಗಳು ಆರೋಪಿಸಿ, ತನಿಖೆಗೂ ಪರಿಹಾರಕ್ಕೂ ಒತ್ತಾಯಿಸಿದವು.

ಕುಟುಂಬಗಳಿಗೆ ಶೋಧದ ಮಹತ್ವ

ಸಮುದ್ರದಲ್ಲಿ ಕಾಣೆಯಾದವರ ದೇಹ ದೊರೆಯದಿದ್ದಾಗ ಅವರ ಕುಟುಂಬಗಳು ಶೋಕದ ಜೊತೆಗೆ ಕಾನೂನಿನ ತೊಡಕುಗಳನ್ನೂ ಎದುರಿಸುತ್ತವೆ. ಆಗ ಜಾರಿಯಲ್ಲಿದ್ದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಪ್ರಕರಣದಂತೆ, ಏಳು ವರ್ಷಗಳ ಕಾಲ ಸುದ್ದಿಯಿಲ್ಲದ ವ್ಯಕ್ತಿ ಬದುಕಿದ್ದಾನೆಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು. ಆ ಅವಧಿ ಮುಗಿಯುವ ಮುನ್ನ ಮರಣವನ್ನು ಇತರ ಸಾಕ್ಷ್ಯಗಳಿಂದ ತೋರಿಸಬೇಕಾಗುತ್ತದೆ. ಮರಣ ಪ್ರಮಾಣಪತ್ರವಿಲ್ಲದೆ ವಿಮೆ, ಬ್ಯಾಂಕ್ ಖಾತೆ, ಸಾಲ ಹಾಗೂ ಆಸ್ತಿಯ ವ್ಯವಹಾರಗಳು ಮುಂದುವರಿಯುವುದಿಲ್ಲ. ಸಮುದ್ರತಳದಲ್ಲಿ ಗುರುತಿಸಲಾದ ದೋಣಿಯು ಅಂತಹ ಸಾಕ್ಷ್ಯಗಳಲ್ಲಿ ಮುಖ್ಯವಾದುದು. ಉತ್ತರಕ್ರಿಯೆಗಳನ್ನು ನಡೆಸಬೇಕೇ, ಇನ್ನೂ ಕಾಯಬೇಕೇ ಎಂಬ ಅನಿಶ್ಚಿತತೆಯನ್ನೂ ಅದು ಕೊನೆಗಾಣಿಸುತ್ತದೆ.

ಕಾಣೆಯಾಗುವುದನ್ನು ತಡೆಯಲು ಹಲವು ಉಪಕರಣಗಳು ಬಳಕೆಗೆ ಬಂದಿವೆ. ಇಸ್ರೋ ಅಭಿವೃದ್ಧಿಪಡಿಸಿದ ಅಪಾಯಸೂಚಕ ಟ್ರಾನ್ಸ್‌ಮಿಟರ್ 2010ರಿಂದ ಬಳಕೆಯಲ್ಲಿದ್ದು, ಗುಂಡಿ ಒತ್ತಿದಾಗ ಉಪಗ್ರಹದ ಮೂಲಕ ದೋಣಿಯ ಸ್ಥಾನವನ್ನು ಕೋಸ್ಟ್ ಗಾರ್ಡ್ ಕೇಂದ್ರಕ್ಕೆ ತಿಳಿಸುತ್ತದೆ. ಎಐಎಸ್ ಎಂಬ ಸ್ವಯಂಚಾಲಿತ ಗುರುತು ವ್ಯವಸ್ಥೆಯು ನೌಕೆಯ ಹೆಸರು, ಸ್ಥಾನ ಮತ್ತು ವೇಗವನ್ನು ಸುತ್ತಲಿನ ನೌಕೆಗಳಿಗೆ ನಿರಂತರವಾಗಿ ಪ್ರಸಾರ ಮಾಡುತ್ತದೆ. ದೋಣಿ ಹಠಾತ್ತಾಗಿ ಮಗುಚಿದರೆ ಗುಂಡಿ ಒತ್ತಲು ಸಮಯ ಸಿಗದು. ಆದರೆ ನಿರಂತರ ಪ್ರಸಾರವಿದ್ದಲ್ಲಿ ಕೊನೆಯ ಸ್ಥಾನವಾದರೂ ದಾಖಲಾಗಿ ಉಳಿಯುತ್ತದೆ.

ಆಧುನಿಕ ಸರಕು ಹಡಗುಗಳು

2009ರ ಜುಲೈನಲ್ಲಿ ನವಮಂಗಳೂರು ಬಂದರಿನಿಂದ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿಯನ್ನು ಹೊತ್ತು ಹೊರಟ 'ಏಷ್ಯನ್ ಫಾರೆಸ್ಟ್' ಹಡಗು ಮರುದಿನವೇ ವಾಲಿ ಮುಳುಗಿತು. ಅದರಲ್ಲಿದ್ದ 18 ಮಂದಿಯನ್ನು ರಕ್ಷಿಸಲಾಯಿತು. ಮಳೆಗಾಲದಲ್ಲಿ ತೇವಗೊಂಡ ಅದಿರಿನ ಪುಡಿ ಹಡಗಿನ ಕಂಪನದಿಂದ ದ್ರವದಂತಾಗಿ ಒಂದು ಪಕ್ಕಕ್ಕೆ ಹರಿಯುತ್ತದೆ. ಆಗ ಹಡಗು ಸಮತೋಲನ ಕಳೆದುಕೊಳ್ಳುತ್ತದೆ. ಅದೇ ವರ್ಷ ಒಡಿಶಾದ ಪಾರಾದೀಪದ ಬಳಿ 'ಬ್ಲ್ಯಾಕ್ ರೋಸ್' ಹಡಗೂ ಅದಿರಿನೊಂದಿಗೆ ಮುಳುಗಿತು.

ಚೀನಾದ ತಿಯಾನ್‌ಜಿನ್‌ನಿಂದ ಲೆಬನಾನ್‌ಗೆ ಸುಮಾರು 8,000 ಟನ್ ಉಕ್ಕಿನ ಸುರುಳಿಗಳನ್ನು ಸಾಗಿಸುತ್ತಿದ್ದ 'ಪ್ರಿನ್ಸೆಸ್ ಮಿರಾಲ್' ಹಡಗು 2022ರ ಜೂನ್ 21ರಂದು ನೀರು ನುಗ್ಗಿ ಉಳ್ಳಾಲದ ಸಮೀಪ ನೆಲಕಚ್ಚಿತು ಮತ್ತು ಅನಂತರ ಮುಳುಗಿತು. ಸಿರಿಯಾ ದೇಶದ 15 ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ರಕ್ಷಿಸಿತು. ಹಡಗಿನಲ್ಲಿದ್ದ ಸುಮಾರು 220 ಟನ್ ಇಂಧನ ಸೋರಿದರೆ ಮೀನುಗಾರಿಕೆಗೂ ತೀರಕ್ಕೂ ಹಾನಿಯಾಗುವ ಭೀತಿ ಉಂಟಾಯಿತು. ಇಂತಹ ಹಡಗುಗಳ ನೆಲೆ ಮೊದಲೇ ತಿಳಿದಿರುತ್ತದೆ. ಇಲ್ಲಿನ ಸವಾಲು ಹುಡುಕುವುದಲ್ಲ, ಅಲೆಗಳು ಹಡಗನ್ನು ಒಡೆಯುವ ಮುನ್ನ ಇಂಧನವನ್ನು ಹೊರತೆಗೆಯುವುದು.

ಕಾನೂನು

ಮುಳುಗಿದ ಹಡಗು ಸಿಕ್ಕವರ ಪಾಲಾಗುವುದಿಲ್ಲ. 1958ರ ವಾಣಿಜ್ಯ ನೌಕಾಯಾನ ಕಾಯ್ದೆಯು ಹಡಗಿನ ಅವಶೇಷಗಳನ್ನು ಕಂಡವರು ಸರ್ಕಾರ ನೇಮಿಸಿದ ಅಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಅದರ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ವಸ್ತುಗಳು ಪ್ರಾಚೀನ ವಸ್ತುಗಳಾಗುತ್ತವೆ. ಮುಳುಗಿದ ಹಡಗುಗಳ ತೆರವಿಗೆ ಸಂಬಂಧಿಸಿದ 2007ರ ನೈರೋಬಿ ಒಪ್ಪಂದವನ್ನು ಭಾರತವು 2011ರಲ್ಲಿ ಒಪ್ಪಿಕೊಂಡಿದೆ. ಇದರಂತೆ ಅಪಾಯಕಾರಿ ಅವಶೇಷಗಳನ್ನು ತೆರವುಗೊಳಿಸುವ ಹೊಣೆ ಹಡಗಿನ ಮಾಲೀಕರದು. ಯುನೆಸ್ಕೋದ 2001ರ ಒಪ್ಪಂದವು 100 ವರ್ಷಗಳಿಗಿಂತ ಹೆಚ್ಚು ಕಾಲ ನೀರಿನಡಿ ಇರುವ ಅವಶೇಷಗಳನ್ನು ಸಾಧ್ಯವಾದಷ್ಟೂ ಇದ್ದಲ್ಲಿಯೇ ಸಂರಕ್ಷಿಸಬೇಕೆಂಬ ತತ್ತ್ವವನ್ನು ಮುಂದಿಟ್ಟಿದೆ. ನೀರಿನಿಂದ ಹೊರತೆಗೆದ ಮರ ಒಣಗಿ ಬಿರುಕುಬಿಡುವುದು, ಕಬ್ಬಿಣ ಗಾಳಿಗೆ ತಾಗಿ ತುಕ್ಕು ಹಿಡಿಯುವುದು ಈ ತತ್ತ್ವಕ್ಕೆ ಕಾರಣಗಳಲ್ಲೊಂದು. ಅಲ್ಲದೆ, ಸ್ಥಳದಿಂದ ಕದಲಿಸಿದ ವಸ್ತುವು ಹಡಗಿನ ಯಾವ ಭಾಗದಲ್ಲಿತ್ತು, ಯಾವುದರ ಜೊತೆಗಿತ್ತು ಎಂಬ ಮಾಹಿತಿಯು ಶಾಶ್ವತವಾಗಿ ನಷ್ಟವಾಗುತ್ತದೆ. ಬಲೆಯಲ್ಲಿ ಸಿಕ್ಕ ಹಳೆಯ ವಸ್ತುವಿನೊಂದಿಗೆ ಅದು ಸಿಕ್ಕ ಸ್ಥಳ ಹಾಗೂ ಆಳವನ್ನೂ ತಿಳಿಸಿದಾಗ ಮಾತ್ರ ಅದು ಶೋಧಕ್ಕೆ ಉಪಯುಕ್ತವಾಗುತ್ತದೆ.